ಕಾಕ್‌ಟೇಲ್ ಬಾರ್, ಆಮೇಲೆ ಟೆಕ್ನೋ ಕ್ಲಬ್: ಬೆಂಗಳೂರಿನ ರಾತ್ರಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಂಜೆ ಒಂದು ಕಾಕ್‌ಟೇಲ್ ಬಾರಿನಲ್ಲಿ ಕೂತು, ರಾತ್ರಿ ಎಲೆಕ್ಟ್ರಾನಿಕ್ ಸಂಗೀತದ ಕ್ಲಬ್ಬಿಗೆ ಹೋಗಬೇಕು ಅನ್ನುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಹೊರಡುವ ಮುಂಚಿನದು ಮೊದಲು, ಆಮೇಲೆ ಬಾರಿನದು, ಕ್ಲಬ್ಬಿನದು, ಕೊನೆಗೆ ಹೊರಗೆ ಬಂದ ಮೇಲಿನದು. ಒಂದು ಮಾತು ಮೊದಲೇ ತಲೆಯಲ್ಲಿರಲಿ: ಬೆಂಗಳೂರಿನ ರಾತ್ರಿ 1 ಗಂಟೆಗೆ ಮುಗಿಯುತ್ತದೆ. ಊಟ, ಗುಂಡು, ಕುಣಿತ, ಆಟೋ ಎಲ್ಲವನ್ನೂ ಅಲ್ಲಿಂದ ಹಿಂದಕ್ಕೆ ಎಣಿಸಿಕೊಂಡು ಬರಬೇಕು.

## ಹೊರಡುವ ಮುಂಚೆ

ಕಾಕ್‌ಟೇಲ್ ಬಾರ್ ಅಂದ್ರೆ ನಮ್ಮ ಏರಿಯಾ ಬಾರ್ ಅಂಡ್ ರೆಸ್ಟೋರೆಂಟ್‌ಗಿಂತ ಏನು ಬೇರೆ? ಪಬ್, ಕ್ಲಬ್ ಎಲ್ಲಾ ಒಂದೇ ಅಲ್ವಾ?

ಅಬಕಾರಿ ಇಲಾಖೆಯ ಕಣ್ಣಿಗೆ ಹಲವು ಸಲ ಒಂದೇ. ಏರಿಯಾ ಬಾರಿಗೂ ಫ್ಯಾನ್ಸಿ ಬಾರಿಗೂ ಅದೇ ಸಿಎಲ್-9 ಲೈಸೆನ್ಸ್ ಇರಬಹುದು. ವ್ಯತ್ಯಾಸ ಇರುವುದು ದುಡ್ಡು ಯಾವುದಕ್ಕೆ ಕೊಡುತ್ತೀರಿ ಅನ್ನುವುದರಲ್ಲಿ. ಏರಿಯಾ ಬಾರಿನಲ್ಲಿ ಪೆಗ್ಗು, ಸೋಡಾ, ನೆಂಚಿಕೊಳ್ಳಲು ಕಡ್ಲೆಬೀಜ. ಪಬ್‌ನಲ್ಲಿ ಬಿಯರ್. ಕಾಕ್‌ಟೇಲ್ ಬಾರಿನಲ್ಲಿ ದುಡ್ಡು ಹೋಗುವುದು ಬಾರ್‌ಟೆಂಡರ್‌ನ ಕೈಕೆಲಸಕ್ಕೆ: ಅವತ್ತೇ ಹಿಂಡಿದ ನಿಂಬೆರಸ, ಬಾರಿನಲ್ಲೇ ಕಾಯಿಸಿದ ಸಿರಪ್, ಗಾಜಿನಂತೆ ತಿಳಿಯಾದ ಐಸ್. ಸಂಗೀತ ಮೆಲ್ಲಗಿರುತ್ತದೆ, ಮಾತಾಡಬಹುದು. ಫೋರ್ ಸೀಸನ್ಸ್ ಹೋಟೆಲಿನ 21ನೇ ಮಹಡಿಯಲ್ಲಿರುವ ಕೋಪಿಟಾಸ್, ಲೀಲಾ ಪ್ಯಾಲೇಸಿನ ಒಳಗೆ ಅಡಗಿಸಿಟ್ಟ ಹಾಗಿರುವ ಝಡ್‌ಎಲ್‌ಬಿ 23 ಈ ಜಾತಿಯವು. ಇಂಥ ಕಡೆ ಮೊದಲೇ ಟೇಬಲ್ ಬುಕ್ ಮಾಡಿಕೊಂಡು ಹೋಗುವುದೇ ಒಳ್ಳೆಯದು.

ಕ್ಲಬ್ಬಿನಲ್ಲಿ ದುಡ್ಡು ಕೊಡುವುದು ಸೌಂಡ್ ಸಿಸ್ಟಮ್ಮಿಗೆ, ಡಿಜೆಗೆ, ಕುಣಿಯುವ ಜಾಗಕ್ಕೆ. ಅಲ್ಲಿನ ಬಾರ್‌ಟೆಂಡರ್ ಹತ್ತು ನಿಮಿಷದಲ್ಲಿ ನಲವತ್ತು ಗ್ಲಾಸು ತುಂಬಿಸಬೇಕು, ಅವನ ಹತ್ತಿರ ನೆಗ್ರೋನಿಯಂಥ ಕಾಕ್‌ಟೇಲ್ ಕೇಳಿದರೆ ಬರುವುದು ಕೆಂಪು ನೀರು. ಕಾಕ್‌ಟೇಲನ್ನು ಕಾಕ್‌ಟೇಲ್ ಬಾರಿನಲ್ಲಿ ಮುಗಿಸಿಕೊಳ್ಳಿ. ಕ್ಲಬ್ಬಿನಲ್ಲಿ ಬಿಯರ್, ಇಲ್ಲವೇ ಜಿನ್-ಟಾನಿಕ್‌ನಂಥ ಎರಡೇ ವಸ್ತುವಿನ ಪಾನೀಯ ಸಾಕು.

18 ಆದ್ರೆ ಸಾಕಾ, 21 ಆಗ್ಬೇಕಾ?

21 ಆಗಬೇಕು. ಗೊಂದಲಕ್ಕೆ ಕಾರಣ ಕಾಗದದಲ್ಲೇ ಇದೆ. 1965ರ ಕರ್ನಾಟಕ ಅಬಕಾರಿ ಕಾಯ್ದೆ 18 ಅನ್ನುತ್ತದೆ, 1967ರ ಲೈಸೆನ್ಸ್ ನಿಯಮಗಳು 21 ಅನ್ನುತ್ತವೆ. 2023ರ ಜನವರಿಯಲ್ಲಿ ನಿಯಮವನ್ನೂ 18ಕ್ಕೆ ಇಳಿಸುವ ಕರಡು ಬಂತು, ವಿರೋಧ ಎದ್ದ ಮೇಲೆ ಸರ್ಕಾರ ಅದನ್ನು ಕೈಬಿಟ್ಟಿತು. ಬಾಗಿಲಲ್ಲಿ ನಡೆಯುವುದು 21. ಕುಡಿಯುವುದಿಲ್ಲ ಅಂದರೂ 21 ಆಗದವರನ್ನು ಹೆಚ್ಚಿನ ಕ್ಲಬ್‌ಗಳು ಒಳಗೆ ಬಿಡುವುದಿಲ್ಲ.

ಗುರುತಿನ ಚೀಟಿ ಮೂಲಪ್ರತಿಯೇ ಇರಲಿ: ಆಧಾರ್, ಡಿಎಲ್, ಪಾಸ್‌ಪೋರ್ಟ್, ಯಾವುದಾದರೂ ಒಂದು. ಡಿಜಿಲಾಕರ್ ತೆರೆದು ತೋರಿಸಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ, ಗ್ಯಾಲರಿಯಲ್ಲಿರುವ ಫೋಟೊ ಒಪ್ಪುವುದಿಲ್ಲ. ಹಳೆಯ ಕೆಲವು ಆಧಾರ್ ಕಾರ್ಡುಗಳಲ್ಲಿ ಹುಟ್ಟಿದ ಇಸವಿ ಮಾತ್ರ ಇರುತ್ತದೆ. ಇದೇ ವರ್ಷ 21 ತುಂಬಿದವರು ಅದನ್ನು ಹಿಡಿದು ಹೋದರೆ ಬೌನ್ಸರ್ ಜೊತೆ ವಾದ ಖಂಡಿತ, ಸೋಲೂ ಖಂಡಿತ.

ಎಷ್ಟು ಗಂಟೆಗೆ ಹೋದ್ರೆ ಸರಿ? ರಾತ್ರಿ 12ರ ಮೇಲೆ ಹೋದ್ರೇನೆ ಮಜಾ ಅಂತಾರೆ.

ಬರ್ಲಿನ್‌ನಲ್ಲಿ ಆ ಮಾತು ನಿಜ. ಇಲ್ಲಿ 12ಕ್ಕೆ ಹೋದರೆ ಟಿಕೆಟ್ ದುಡ್ಡಿಗೆ ಒಂದು ಗಂಟೆಯೂ ದಕ್ಕುವುದಿಲ್ಲ. ಬಾರು, ಕ್ಲಬ್ಬು 1ಕ್ಕೆ ಬಾಗಿಲು ಹಾಕಬೇಕು. ಅದಕ್ಕೇ ಕೊನೆಯ ಆರ್ಡರ್ 12.30ರ ಸುಮಾರಿಗೆ. 12.50ಕ್ಕೆ ಲೈಟು ಹೊತ್ತಿಕೊಂಡರೆ ಆಶ್ಚರ್ಯ ಬೇಡ. ಪೋಸ್ಟರಿನಲ್ಲಿ ದೊಡ್ಡ ಅಕ್ಷರದಲ್ಲಿ ಹೆಸರಿರುವ ಡಿಜೆ ಸಾಮಾನ್ಯವಾಗಿ 11ರಿಂದ ಕೊನೆಯವರೆಗೆ ನುಡಿಸುತ್ತಾರೆ.

ಹಿಂದಕ್ಕೆ ಎಣಿಸಿದರೆ ಹೀಗೆ: 10.15ರೊಳಗೆ ಕ್ಲಬ್ಬಿನ ಬಾಗಿಲಲ್ಲಿರಬೇಕು, 11ರ ಮೇಲೆ ಕ್ಯೂ ಬೆಳೆಯುತ್ತದೆ. ಅದಕ್ಕೆ 9.30ಕ್ಕೆ ಕಾಕ್‌ಟೇಲ್ ಬಾರಿನ ಬಿಲ್ಲು ಕೇಳಬೇಕು. ಅದಕ್ಕೆ 7ಕ್ಕೆ ಅಲ್ಲಿ ಕೂತಿರಬೇಕು. ಬಾರ್ ಒಂದು ಏರಿಯಾ, ಕ್ಲಬ್ ಇನ್ನೊಂದು ಏರಿಯಾ ಆದರೆ ಶುಕ್ರವಾರದ ಟ್ರಾಫಿಕ್‌ಗೆ ಒಂದು ಗಂಟೆ ಬಲಿ. ಇಂದಿರಾನಗರದಿಂದ ಎಂ.ಜಿ. ರೋಡಿಗಾದರೆ ನೇರಳೆ ಮಾರ್ಗದ ಮೆಟ್ರೊ ಹಿಡಿಯಿರಿ, ನಡುವೆ ಇರುವುದು ಹಲಸೂರು, ಟ್ರಿನಿಟಿ ಎರಡೇ ನಿಲ್ದಾಣ.

ತೆರೆದ ಟೆರೇಸಿನ ಜಾಗವಾದರೆ ಲೆಕ್ಕವೇ ಬೇರೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ, ಮುಚ್ಚಿದ ಸಭಾಂಗಣದಂಥ ಜಾಗಕ್ಕೆ ಮಾತ್ರ ವಿನಾಯಿತಿ. ಹಾಗಾಗಿ ಟೆರೇಸಿನ ಪಾರ್ಟಿಗಳು ಮಧ್ಯಾಹ್ನ 4ಕ್ಕೇ ಶುರುವಾಗುತ್ತವೆ. ಅಲ್ಲಿ 9ಕ್ಕೆ ಹೋಗುವವರು ಮುಗಿಯುವುದನ್ನು ನೋಡಲು ಹೋದಂತೆ.

ದಿನವನ್ನೂ ನೋಡಿಕೊಳ್ಳಿ. ಅಕ್ಟೋಬರ್ 2 ಡ್ರೈ ಡೇ. ಚುನಾವಣೆಯಲ್ಲಿ ಮತದಾನ ಮುಗಿಯುವುದಕ್ಕೆ ಹಿಂದಿನ 48 ಗಂಟೆ ಮದ್ಯ ಸಿಗದು, ಎಣಿಕೆಯ ದಿನವೂ ಬಂದ್. ಗಣೇಶ ವಿಸರ್ಜನೆ ಹೊತ್ತಿನಲ್ಲಿ ಪೊಲೀಸ್ ಆಯುಕ್ತರು ಠಾಣೆವಾರು ಆದೇಶ ಹೊರಡಿಸುತ್ತಾರೆ. ಒಂದು ರಸ್ತೆಯಲ್ಲಿ ಬಾರ್ ಬಂದ್, ಪಕ್ಕದ ಠಾಣಾ ವ್ಯಾಪ್ತಿಯಲ್ಲಿ ಓಪನ್ ಇರುವುದೂ ಉಂಟು.

ಏನ್ ಹಾಕ್ಕೊಂಡು ಹೋಗ್ಬೇಕು? ಚಪ್ಪಲಿ ಹಾಕಿದ್ರೆ ಬಿಡಲ್ವಂತೆ?

ಗಂಡಸರಿಗೆ ಹವಾಯಿ ಚಪ್ಪಲಿ, ಬರ್ಮುಡಾ, ಬನಿಯನ್ ಥರದ ಅಂಗಿ ಮೂರನ್ನೂ ಹೆಚ್ಚಿನ ಕಡೆ ತಡೆಯುತ್ತಾರೆ. ಜೀನ್ಸ್, ಸಾದಾ ಟೀ ಶರ್ಟ್, ಮುಚ್ಚಿದ ಶೂ ಇದ್ದರೆ ಎಲ್ಲ ಕಡೆಯೂ ನಡೆಯುತ್ತದೆ. ಟೆಕ್ನೋ ರಾತ್ರಿಗೆ ಕಪ್ಪು ಬಟ್ಟೆ ಹಾಕಿ ಬರುವುದು ರೂಢಿ, ನಿಯಮವಲ್ಲ. ನಿಜವಾಗಿ ಯೋಚಿಸಬೇಕಾದ್ದು ಪಾದದ ಬಗ್ಗೆ. ನೆಲದ ಮೇಲೆ ಒಡೆದ ಗಾಜು, ಚೆಲ್ಲಿದ ಬಿಯರ್ ಇರುತ್ತದೆ, ಮೂರು ಗಂಟೆ ನಿಂತೇ ಇರಬೇಕು. ಹೀಲ್ಸ್ ಬಿಟ್ಟು ಸ್ನೀಕರ್ ಹಾಕಿದವರು ಕೊನೆಯವರೆಗೆ ಉಳಿಯುತ್ತಾರೆ.

ನಾವು ನಾಲ್ಕು ಜನ ಹುಡುಗರು ಮಂಗಳೂರಿಂದ ಬರುವುದು. ಸ್ಟ್ಯಾಗ್ ಎಂಟ್ರಿ ಇಲ್ಲ ಅಂತಾರೆ, ಎಂತ ಮಾಡುವುದು ಮಾರಾಯ್ರೆ?

ಸ್ಟ್ಯಾಗ್ ಅಂದರೆ ಜೊತೆಗೆ ಹೆಣ್ಣಿಲ್ಲದೆ ಬರುವ ಗಂಡಸರು. ಬಾಗಿಲಲ್ಲಿ ನಿಂತು ಬೇಡುವುದೊಂದು ಬಿಟ್ಟು ಬೇರೆ ದಾರಿಗಳಿವೆ. ಟಿಕೆಟ್ ಇಟ್ಟು ನಡೆಸುವ ಸಂಗೀತದ ರಾತ್ರಿಗಳಲ್ಲಿ ಸಾಮಾನ್ಯವಾಗಿ ಗಂಡು-ಹೆಣ್ಣು ಲೆಕ್ಕ ಇರುವುದಿಲ್ಲ, ತಲೆಗೊಂದು ಟಿಕೆಟ್ ಅಷ್ಟೆ. ಲೇಡೀಸ್ ನೈಟ್, ಬಾಲಿವುಡ್ ನೈಟ್‌ಗಳಲ್ಲೇ 'ಕಪಲ್ಸ್ ಮಾತ್ರ' ಅನ್ನುವ ಕಾಟ ಜಾಸ್ತಿ. ಆದ್ದರಿಂದ ಡಿಜೆ ಹೆಸರು ಹಾಕಿ ಟಿಕೆಟ್ ಮಾರುವ ಕಾರ್ಯಕ್ರಮ ನೋಡಿಕೊಂಡು, ಡಿಸ್ಟ್ರಿಕ್ಟ್, ಹೈಏಪ್‌ನಂಥ ಆ್ಯಪ್‌ಗಳಲ್ಲಿ ಮುಂಚೆಯೇ ಕೊಂಡುಬಿಡಿ. ಅರ್ಲಿ ಬರ್ಡ್, ಫೇಸ್ 1, ಫೇಸ್ 2 ಅಂತ ದರ ಏರುತ್ತ ಹೋಗುತ್ತದೆ, ಬಾಗಿಲಲ್ಲಿ ಎಲ್ಲಕ್ಕಿಂತ ದುಬಾರಿ. ಟಿಕೆಟ್ ಮೇಲಿನ ಎರಡು ಸಾಲು ಓದದೆ ದುಡ್ಡು ಕಟ್ಟಬೇಡಿ: ಎಷ್ಟು ಗಂಟೆಯೊಳಗೆ ಬರಬೇಕು, ಮತ್ತು ಕವರ್ ಇದೆಯೋ ಬರೀ ಪ್ರವೇಶವೋ. 'ಫುಲ್ ಕವರ್' ಅಂದರೆ ಕೊಟ್ಟ ದುಡ್ಡಿಗೆ ಒಳಗೆ ತಿನ್ನಬಹುದು, ಕುಡಿಯಬಹುದು. 'ಎಂಟ್ರಿ ಓನ್ಲಿ' ಅಂದರೆ ಅದು ಹೋಯಿತು ಅಂತಲೇ ಲೆಕ್ಕ.

ಗೆಸ್ಟ್‌ಲಿಸ್ಟ್‌ಗೆ ಹೆಸರು ಬರೆಸಿದ್ದರೂ ಹೆಚ್ಚಾಗಿ ಅದು ಒಂದು ಗೊತ್ತಾದ ಹೊತ್ತಿನವರೆಗೆ ಮಾತ್ರ ನಡೆಯುತ್ತದೆ. ಎಷ್ಟು ಗಂಟೆಯವರೆಗೆ ಅಂತ ಕೇಳಿಟ್ಟುಕೊಳ್ಳಿ.

ಒಬ್ಬರಿಗೆ ಒಂದು ರಾತ್ರಿಗೆ ಎಷ್ಟು ಬೇಕಾಗುತ್ತೆ?

ಕಾಕ್‌ಟೇಲ್ ಬಾರಿನಲ್ಲಿ ಒಂದು ಗ್ಲಾಸಿಗೆ 600ರಿಂದ 1,000 ರೂಪಾಯಿ ಅಂದುಕೊಳ್ಳಿ, ಪಂಚತಾರಾ ಹೋಟೆಲಿನಲ್ಲಿ ಇನ್ನೂ ಜಾಸ್ತಿ. ಎರಡು ಗ್ಲಾಸು, ಎರಡು ಪ್ಲೇಟು ತಿಂಡಿ, ಕ್ಲಬ್ ಟಿಕೆಟ್, ಒಳಗೆ ಒಂದು ಬಿಯರ್, ಎರಡು ನೀರು, ಮನೆಗೆ ಕ್ಯಾಬ್ ಎಲ್ಲ ಸೇರಿ ನಾಲ್ಕರಿಂದ ಐದು ಸಾವಿರ ಇಟ್ಟುಕೊಂಡರೆ ತಲೆಬಿಸಿ ಇಲ್ಲ. ಬುಧವಾರ, ಗುರುವಾರ ಇದಕ್ಕಿಂತ ಅಗ್ಗ. ಬಾರ್‌ಟೆಂಡರ್‌ಗೆ ಮಾತಾಡಲು ಪುರುಸೊತ್ತೂ ಇರುತ್ತದೆ.

## ಬಾರಿನಲ್ಲಿ

ಮೆನು ನೋಡಿದ್ರೆ ಒಂದೂ ಅರ್ಥ ಆಗಲ್ಲ. ಏನ್ ಆರ್ಡರ್ ಮಾಡ್ಲಿ?

ಸಾಧ್ಯವಾದರೆ ಟೇಬಲ್ ಬಿಟ್ಟು ಬಾರ್ ಕೌಂಟರಿನ ಎತ್ತರದ ಕುರ್ಚಿಯಲ್ಲಿ ಕೂರಿ. ಬಾರ್‌ಟೆಂಡರ್‌ಗೆ ಮೂರೇ ವಿಷಯ ಹೇಳಿ: ಯಾವ ಮದ್ಯ ಇಷ್ಟ, ಹುಳಿಯೋ ಕಹಿಯೋ ಸಿಹಿಯೋ, ಎಷ್ಟು ಗಟ್ಟಿ ಬೇಕು. 'ರಮ್, ಹುಳಿ, ಲೈಟಾಗಿ' ಅಂದರೆ ಅವನಿಗೆ ಸಾಕಷ್ಟು ಸುಳಿವು ಸಿಕ್ಕಂತೆ.

ದಿನಾ ವಿಸ್ಕಿ-ಸೋಡಾ ಕುಡಿಯುವವರಿಗೆ ಹೈಬಾಲ್ (ಉದ್ದ ಗ್ಲಾಸಿನಲ್ಲಿ ಮದ್ಯ, ಸೋಡಾ, ಐಸ್) ಅಥವಾ ಓಲ್ಡ್ ಫ್ಯಾಷನ್ಡ್ ಹತ್ತಿರದ್ದು. ಎರಡನೆಯದರಲ್ಲಿ ವಿಸ್ಕಿ, ಒಂದು ಸಕ್ಕರೆ ಬಿಲ್ಲೆ, ಬಿಟರ್ಸ್ ಅನ್ನುವ ಕಹಿ ಸಾರ ನಾಲ್ಕು ಹನಿ, ಕಿತ್ತಳೆ ಸಿಪ್ಪೆ, ಇಷ್ಟೇ. ನಿಂಬೆ ಷರಬತ್ತಿನ ನಾಲಿಗೆ ಇರುವವರಿಗೆ ಡೈಕಿರಿ: 60 ಮಿ.ಲೀ. ಬಿಳಿ ರಮ್, 20 ಮಿ.ಲೀ. ನಿಂಬೆರಸ, ಎರಡು ಪುಟ್ಟ ಚಮಚ ಸಕ್ಕರೆ. ನೋಡಲು ಸಾದಾ. ಬಾರಿನ ಕೈ ಎಂಥದು ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ, ಹುಳಿ-ಸಿಹಿ ಒಂದು ಚೂರು ಆಚೀಚೆಯಾದರೂ ಮುಚ್ಚಿಡಲು ಬೇರೇನೂ ಇರುವುದಿಲ್ಲ. ನೆಗ್ರೋನಿ ಅಂದರೆ ಜಿನ್, ಕಂಪಾರಿ ಎಂಬ ಕಹಿ ಲಿಕರ್, ಸಿಹಿ ವರ್ಮುತ್ (ಗಿಡಮೂಲಿಕೆ ಬೆರೆಸಿದ ವೈನ್) ತಲಾ 30 ಮಿ.ಲೀ. ಹಾಗಲಕಾಯಿ ಇಷ್ಟವಿದ್ದರೆ ಮೊದಲ ಗುಟುಕಿಗೇ ಇಷ್ಟವಾಗುತ್ತದೆ, ಇಲ್ಲದಿದ್ದರೆ ಮೂರನೇ ಸಲಕ್ಕೆ.

ಹೆಸರು ಹೇಳಿ ಬ್ರ್ಯಾಂಡ್ ಕೇಳದಿದ್ದರೆ ಆ ಬಾರಿನಲ್ಲಿ ಮಾಮೂಲಾಗಿ ಬಳಸುವ ಬಾಟಲಿನಿಂದ ಹಾಕುತ್ತಾರೆ. 'ಯಾವ ಜಿನ್ ಹಾಕಲಿ ಸರ್?' ಅಂತ ಅವರೇ ಕೇಳಿ ಎರಡು ಹೆಸರು ಹೇಳಿದರೆ, ಎರಡನೆಯದು ದುಬಾರಿ ಎಂದು ತಿಳಿಯಿರಿ. ಬೆಲೆ ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ.

ನಾವು ಪ್ಯೂರ್ ವೆಜ್. ಕಾಕ್‌ಟೇಲ್‌ನಲ್ಲಿ ಮೊಟ್ಟೆ ಹಾಕ್ತಾರಂತೆ, ನಿಜಾನಾ?

ನಿಜ. ವಿಸ್ಕಿ ಸೋರ್, ಪಿಸ್ಕೊ ಸೋರ್, ಇನ್ನಿತರ ಕೆಲವದರ ಮೇಲೆ ನಿಲ್ಲುವ ಬಿಳಿ ನೊರೆ ಹಸಿ ಮೊಟ್ಟೆಯ ಲೋಳೆಯದು, ಒಂದು ಗ್ಲಾಸಿಗೆ ಸುಮಾರು 20 ಮಿ.ಲೀ. ಮೆನುವಿನಲ್ಲಿ ಹಸಿರು ಚುಕ್ಕೆ, ಕೆಂಪು ಚುಕ್ಕೆ ತಿಂಡಿಗೆ ಇರುತ್ತದೆ, ಡ್ರಿಂಕ್ಸಿಗೆ ಇರುವುದು ಅಪರೂಪ. ಆದ್ದರಿಂದ ಬಾಯಿಬಿಟ್ಟು ಕೇಳಬೇಕು. ಮೊಟ್ಟೆ ಬೇಡ ಅಂದರೆ ಕಾಬೂಲಿ ಕಡಲೆ ಬೇಯಿಸಿದ ನೀರಿನಲ್ಲಿ ಅದೇ ನೊರೆ ಬರಿಸುತ್ತಾರೆ, ಅಥವಾ ನೊರೆಯನ್ನೇ ಬಿಡುತ್ತಾರೆ. ಶೇಕರ್ ಚೆನ್ನಾಗಿ ತೊಳೆದೇ ಮಾಡಿ ಅಂತಲೂ ಹೇಳಿ.

ಬ್ಲಡಿ ಮೇರಿಗೆ ಹಾಕುವ ವೂಸ್ಟರ್‌ಶೈರ್ ಸಾಸಿನ ಮೂಲ ಪಾಕದಲ್ಲಿ ಮೀನಿದೆ. 'ಫ್ಯಾಟ್ ವಾಶ್ಡ್' ಅಂತ ಬರೆದಿದ್ದರೆ ಮದ್ಯವನ್ನು ಯಾವುದೋ ಕೊಬ್ಬಿನ ಜೊತೆ ನೆನೆಸಿ, ತಣಿಸಿ, ಸೋಸಿರುತ್ತಾರೆ. ಅದು ತುಪ್ಪವೂ ಇರಬಹುದು, ಹಂದಿ ಕೊಬ್ಬೂ ಇರಬಹುದು. 'ಕ್ಲಾರಿಫೈಡ್' ಎಂದಿದ್ದು ನೀರಿನಂತೆ ತಿಳಿಯಾಗಿ ಕಂಡರೂ ಹಾಲು ಒಡೆಸಿ ಸೋಸಿದ್ದಿರಬಹುದು, ಹಾಲು ಒಗ್ಗದವರು ಕೇಳಿಕೊಳ್ಳಿ. 'ಮೈ ತಾಯ್' ಎಂಬ ರಮ್ ಕಾಕ್‌ಟೇಲಿಗೆ ಹಾಕುವ ಆರ್ಜಾ ಸಿರಪ್ ಬಾದಾಮಿಯದು, ಅದು ಒಗ್ಗದವರೂ ಕೇಳಿಕೊಳ್ಳಿ.

800 ರೂಪಾಯಿ ಕೊಟ್ರೆ ಲೋಟದ ತುಂಬಾ ಐಸ್ ಹಾಕಿ ಕೊಡ್ತಾರೆ. ಇದು ಮೋಸ ಅಲ್ವಾ?

ಅಲ್ಲ. ಮದ್ಯದ ಅಳತೆ ಐಸ್ ಹಾಕುವ ಮುಂಚೆಯೇ ಜಿಗರ್ ಎಂಬ ಅಳತೆಯ ಬಟ್ಟಲಿನಲ್ಲಿ ಆಗಿರುತ್ತದೆ. ಐಸ್ ಕಡಿಮೆ ಮಾಡಿಸಿದರೆ ಗುಂಡು ಜಾಸ್ತಿ ಬರುವುದಿಲ್ಲ, ಗ್ಲಾಸು ಅರ್ಧ ಖಾಲಿ ಕಾಣುತ್ತದೆ ಅಷ್ಟೆ. ವಿಚಿತ್ರ ಅಂದರೆ, ಐಸ್ ಕಡಿಮೆ ಇದ್ದಷ್ಟೂ ಪಾನೀಯ ಬೇಗ ನೀರಾಗುತ್ತದೆ. ಎರಡು ತುಂಡು ಐಸಿಗೆ ಇಡೀ ಗ್ಲಾಸನ್ನು ತಣ್ಣಗೆ ಹಿಡಿಯುವ ಶಕ್ತಿ ಇಲ್ಲ, ಅದು ಕರಗಿ ಹೋಗುತ್ತದೆ. ಒಂದೇ ದೊಡ್ಡ ಗಟ್ಟಿಗೆ ಹೊರಮೈ ಕಡಿಮೆ, ನಿಧಾನಕ್ಕೆ ಕರಗುತ್ತದೆ. ಓಲ್ಡ್ ಫ್ಯಾಷನ್ಡ್‌ಗೆ ಅದಕ್ಕೇ ಒಂಟಿ ಗಟ್ಟಿ.

ನೀರು ಸೇರುವುದೂ ಪಾಕದ ಭಾಗವೇ. ಹಣ್ಣಿನ ರಸ, ಮೊಟ್ಟೆ, ಕೆನೆ ಇರುವುದನ್ನು ಹತ್ತು ಹನ್ನೆರಡು ಸೆಕೆಂಡು ಜೋರಾಗಿ ಕುಲುಕುತ್ತಾರೆ, ಬರೀ ಮದ್ಯಗಳ ಮಿಶ್ರಣವನ್ನು ಉದ್ದ ಚಮಚದಲ್ಲಿ ತಿರುಗಿಸುತ್ತಾರೆ. ಎರಡರಲ್ಲೂ ಕರಗಿದ ನೀರು ಸೇರಿಯೇ ಘಾಟು ಇಳಿಯುವುದು.

ಮೋಸ ನೋಡಬೇಕಿದ್ದರೆ ಬೇರೆ ಕಡೆ ನೋಡಿ. ಐಸ್ ಒದ್ದೆಯಾಗಿ, ಸಣ್ಣದಾಗಿ, ಡಬ್ಬದಲ್ಲಿ ನೀರಿನ ಮೇಲೆ ತೇಲುತ್ತಿದೆಯೇ? ನಿಂಬೆರಸ ಪ್ಲಾಸ್ಟಿಕ್ ಬಾಟಲಿನಿಂದ ಬರುತ್ತಿದೆಯೇ? ವರ್ಮುತ್ ಬಾಟಲು ಫ್ರಿಜ್ ಬಿಟ್ಟು ಹಿಂದಿನ ಶೆಲ್ಫಿನಲ್ಲಿ ದೂಳು ಹಿಡಿದು ಕೂತಿದೆಯೇ? ವರ್ಮುತ್ ಅಂದರೆ ವೈನೇ, ತೆರೆದಿಟ್ಟರೆ ಕೆಡುತ್ತದೆ. ಮೂರರಲ್ಲಿ ಒಂದು ಕಂಡರೂ ಅಲ್ಲಿ ಬಿಯರ್ ಕುಡಿದು ಏಳಿ. ಅಳತೆಯೇ ಇಲ್ಲದೆ ಕೈಯಂದಾಜಿನಲ್ಲಿ ಸುರಿಯುತ್ತಿದ್ದರೆ 'ಜಿಗರ್‌ನಲ್ಲಿ ಹಾಕಿ' ಅನ್ನಬಹುದು. ಸ್ಮಾಲ್ 30, ಲಾರ್ಜ್ 60 ಮಿ.ಲೀ., ಇದರಲ್ಲಿ ಚೌಕಾಸಿ ಇಲ್ಲ.

ಕಾಕ್‌ಟೇಲ್ ಕುಡಿಯುವಾಗ ಜ್ಯೂಸ್ ಥರ ಇರುತ್ತೆ, ಆಮೇಲೆ ಒಂದೇ ಸಲ ಏರುತ್ತೆ. ಯಾಕೆ?

ನಾಲಿಗೆಗೆ ತಿಳಿಯದಂತೆ ಮಾಡುವುದೇ ಕಾಕ್‌ಟೇಲಿನ ಕಸುಬು. ತಣ್ಣಗಿರುವುದು ಘಾಟನ್ನು ಮುಚ್ಚುತ್ತದೆ, ಸಕ್ಕರೆ-ಹುಳಿ ಉಳಿದಿದ್ದನ್ನು. ಮದ್ಯದ ಲೆಕ್ಕ ಮಾತ್ರ ಎಲ್ಲೂ ಹೋಗುವುದಿಲ್ಲ.

ಇಲ್ಲಿನ ವಿಸ್ಕಿ, ರಮ್, ಜಿನ್‌ಗಳ ಬಾಟಲಿನ ಮೇಲೆ ಸಾಮಾನ್ಯವಾಗಿ ಶೇ 42.8 ಎಂದಿರುತ್ತದೆ. ಅದರಂತೆ 60 ಮಿ.ಲೀ. ಲಾರ್ಜ್ ಪೆಗ್ಗಿನಲ್ಲಿ ಸುಮಾರು 20 ಗ್ರಾಂ ಶುದ್ಧ ಆಲ್ಕೊಹಾಲ್. ಶೇ 5ರ 330 ಮಿ.ಲೀ. ಬಿಯರ್‌ನಲ್ಲಿ 13 ಗ್ರಾಂ. ನೆಗ್ರೋನಿಯಲ್ಲಿ ಜಿನ್ 30 ಮಿ.ಲೀ. ಮಾತ್ರ ಅಂತ ಸಮಾಧಾನ ಪಟ್ಟುಕೊಳ್ಳಬೇಡಿ, ಕಂಪಾರಿ ಮತ್ತು ವರ್ಮುತ್ ಸೇರಿದರೆ ಅದೂ ಸುಮಾರು 20 ಗ್ರಾಂ. ಲಾಂಗ್ ಐಲ್ಯಾಂಡ್ ಐಸ್ ಟೀಯಲ್ಲಿ ವೋಡ್ಕಾ, ಟಕೀಲಾ, ರಮ್, ಜಿನ್, ಕಿತ್ತಳೆ ಲಿಕರ್ ತಲಾ 15 ಮಿ.ಲೀ. ಒಟ್ಟು 75 ಮಿ.ಲೀ., 24 ಗ್ರಾಂ ದಾಟುತ್ತದೆ, ಕೋಲಾದ ಹಿಂದೆ ಅಡಗಿ ಕೂತಿರುತ್ತದೆ. ದುಡ್ಡಿಗೆ ಕಿಕ್ ಜಾಸ್ತಿ ಅಂತ ಹುಡುಗರು ಇದನ್ನೇ ಕೇಳುತ್ತಾರೆ, ಕ್ಲಬ್ಬಿನ ಗೋಡೆಗೆ ಒರಗಿ ಕೂತವರಲ್ಲಿ ಹೆಚ್ಚಿನವರು ಇದರ ಗಿರಾಕಿಗಳು.

ದೇಹ ಇದನ್ನು ಕಳೆಯುವುದು ಗಂಟೆಗೆ ಸರಾಸರಿ 7-8 ಗ್ರಾಂ ಮಾತ್ರ. ಅಂದರೆ ಒಂದು ನೆಗ್ರೋನಿ ಇಳಿಯಲು ಎರಡೂವರೆ ಗಂಟೆ ಬೇಕು. ನೀವು ಅದನ್ನು ಇಪ್ಪತ್ತು ನಿಮಿಷದಲ್ಲಿ ಮುಗಿಸಿ, ಮುಂದಿನದಕ್ಕೆ ಕೈ ಎತ್ತಿರುತ್ತೀರಿ. ಕಾಲಿ ಹೊಟ್ಟೆಯಾದರೆ ಮದ್ಯ ಜಠರದಲ್ಲಿ ನಿಲ್ಲದೆ ಸಣ್ಣಕರುಳಿಗೆ ಇಳಿದು ಸರ್ರನೆ ರಕ್ತಕ್ಕೆ ಸೇರುತ್ತದೆ. ಉಪ್ಪಿನ ತಿಂಡಿ ಬಾಯಾರಿಕೆ ಹೆಚ್ಚಿಸಿ ಇನ್ನಷ್ಟು ಕುಡಿಸುತ್ತದೆ, ಅನ್ನ-ರೊಟ್ಟಿ-ಮಾಂಸದಂಥ ಊಟವೇ ಬೇಕು. ಹೆಚ್ಚಿನವರಿಗೆ ಹೊಂದುವ ಲೆಕ್ಕ: ಬಾರಿನಲ್ಲಿ ಊಟದ ಜೊತೆ ಎರಡು, ಕ್ಲಬ್ಬಿನಲ್ಲಿ ಒಂದು, ಪ್ರತಿಯೊಂದರ ನಡುವೆ ದೊಡ್ಡ ಲೋಟ ನೀರು. ಕ್ಲಬ್ಬಿನ ಬಾಗಿಲಲ್ಲಿ ಶಾಟ್ಸ್ ಹೊಡೆದು ಒಳಗೆ ಹೋಗುವ ಪದ್ಧತಿಯನ್ನು ಯಾರು ಕಂಡುಹಿಡಿದರೋ, ಅವರಿಗೆ ಸಂಗೀತ ಬೇಕಿರಲಿಲ್ಲ.

ನಾನು ಕುಡಿಯಲ್ಲ. ಫ್ರೆಂಡ್ಸ್ ಜೊತೆ ಬಂದ್ರೆ ಬೋರ್ ಆಗುತ್ತಾ?

ಬಾರಿನಲ್ಲಿ ಆಗುವುದಿಲ್ಲ, ಮದ್ಯವಿಲ್ಲದ ಪಾನೀಯಗಳ 'ಝೀರೊ ಪ್ರೂಫ್' ವಿಭಾಗ ಈಗ ಹೆಚ್ಚಿನ ಕಾಕ್‌ಟೇಲ್ ಬಾರ್‌ಗಳಲ್ಲಿದೆ. ಒಂದು ಹನಿಯೂ ಬೇಡ ಅನ್ನುವವರು ಬಿಟರ್ಸ್ ಹಾಕಬೇಡಿ ಅಂತ ಹೇಳಬೇಕು. ಅಂಗೊಸ್ತುರಾ ಬಿಟರ್ಸ್‌ನಲ್ಲಿ ಶೇ 44.7 ಆಲ್ಕೊಹಾಲ್ ಇದೆ. ಹನಿಗಳಷ್ಟೇ ಹಾಕುವುದರಿಂದ ಬಾರ್‌ಟೆಂಡರ್‌ಗಳು ಅದನ್ನು ಮದ್ಯ ಎಂದೇ ಎಣಿಸುವುದಿಲ್ಲ. ಕ್ಲಬ್ಬಿನಲ್ಲಿ ಬೋರ್ ಆಗುತ್ತದೋ ಇಲ್ಲವೋ ಸಂಗೀತದ ಮೇಲೆ ನಿಂತಿದೆ. ಟೆಕ್ನೋ ರಾತ್ರಿಗಳಿಗೆ ನೀರು ಮಾತ್ರ ಕುಡಿದು ಕುಣಿಯುವವರು ಎಷ್ಟೋ ಜನ ಬರುತ್ತಾರೆ.

ಬಿಲ್ಲಲ್ಲಿ ಶೇ 10 ಸರ್ವಿಸ್ ಚಾರ್ಜ್ ಹಾಕಿದ್ದಾರೆ. ಕೊಡ್ಲೇಬೇಕಾ?

ಕೊಡಲೇಬೇಕೆಂದಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿ, ಸೇವಾ ಶುಲ್ಕವನ್ನು ತಾನಾಗಿ ಬಿಲ್ಲಿಗೆ ಸೇರಿಸುವಂತಿಲ್ಲ ಎಂದಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 'ಸರ್ವಿಸ್ ಚಾರ್ಜ್ ತೆಗೆದು ಕೊಡಿ' ಅಂತ ಮೆಲ್ಲಗೆ ಹೇಳಿದರೆ ಹೆಚ್ಚಿನವರು ತಕರಾರಿಲ್ಲದೆ ತೆಗೆಯುತ್ತಾರೆ. ಸೇವೆ ಹಿಡಿಸಿದ್ದರೆ ಟಿಪ್ಸನ್ನು ಬಾರ್‌ಟೆಂಡರ್ ಕೈಗೇ ಕೊಡಿ.

ಬಿಲ್ಲಿನ ಉಳಿದ ಸಾಲುಗಳನ್ನೂ ಓದಿ. ಜಿಎಸ್‌ಟಿ ತಿಂಡಿಗೆ, ಮಾಕ್‌ಟೇಲ್‌ಗೆ, ಸೋಡಾಕ್ಕೆ ಬೀಳುತ್ತದೆ. ಮದ್ಯ ಜಿಎಸ್‌ಟಿಯ ಹೊರಗಿದೆ, ಒಟ್ಟು ಮೊತ್ತದ ಮೇಲೆ ಜಿಎಸ್‌ಟಿ ಹಾಕಿದ್ದರೆ ಕೇಳಿ. ಬಾಟಲಿ ನೀರಿಗೆ ಎಂಆರ್‌ಪಿಗಿಂತ ಜಾಸ್ತಿ ತೆಗೆದುಕೊಂಡರು ಅಂತ ಜಗಳ ಕಾಯಬೇಡಿ: ಕೂರಿಸಿ ಬಡಿಸುವ ಹೋಟೆಲ್, ರೆಸ್ಟೋರೆಂಟ್‌ಗಳು ಹಾಗೆ ಮಾಡಬಹುದು ಎಂದು 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 'ಮಾಮೂಲಿ ನೀರು ಕೊಡಿ' ಅನ್ನುವುದೇ ದಾರಿ.

ಒಳಗೆ ಸಿಗರೇಟ್ ಸೇದಬಹುದಾ? ಹುಕ್ಕಾ?

ಗುರುತಿಸಿದ ಧೂಮಪಾನದ ಕೋಣೆಯಲ್ಲಿ ಮಾತ್ರ. ರಾಜ್ಯದ 2025ರ ತಿದ್ದುಪಡಿ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡ 1,000 ರೂಪಾಯಿ. ಹುಕ್ಕಾ ಬಾರ್ ಕರ್ನಾಟಕದಲ್ಲಿ ನಿಷಿದ್ಧ, ಯಾರಾದರೂ ಕೊಡುತ್ತಿದ್ದರೆ ಆ ಜಾಗದ ಮೇಲೆ ದಾಳಿ ಆಗುವ ಹೊತ್ತಿಗೆ ನೀವು ಅಲ್ಲಿರಬೇಡಿ.

## ಕ್ಲಬ್ಬಿನಲ್ಲಿ

ಕೆಲವು ಕಡೆ ಎದ್ದು ಕುಣಿದ್ರೆ ವೇಟರ್ ಬಂದು ಕೂರಿ ಅಂತಾನೆ. ಯಾಕೆ?

ಅವನ ಮೇಲೆ ಕೋಪ ಬೇಡ. ಮದ್ಯದ ಲೈಸೆನ್ಸ್ ಬೇರೆ, ಕುಣಿತದ ಲೈಸೆನ್ಸ್ ಬೇರೆ. ಬೆಂಗಳೂರಿನಲ್ಲಿ ಲೈವ್ ಬ್ಯಾಂಡ್, ಡಿಸ್ಕೊಥೆಕ್ ನಡೆಸಲು 2005ರ ಆದೇಶದಡಿ ಪೊಲೀಸ್ ಆಯುಕ್ತರ ಲೈಸೆನ್ಸ್ ಬೇಕು. ಬಾರ್ ಮಾಲೀಕರು ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನವರೆಗೆ ಹೋದರು, 2018ರ ಜನವರಿಯಲ್ಲಿ ಕೋರ್ಟ್ ಆದೇಶವನ್ನು ಎತ್ತಿಹಿಡಿಯಿತು. ಆ ಲೈಸೆನ್ಸ್ ಇಲ್ಲದ ಕಡೆ ಡಿಜೆ ಇರುತ್ತಾನೆ, ಕುಣಿಯಲು ಜಾಗ ಇರುವುದಿಲ್ಲ. ಕುಣಿಯಲೇಬೇಕೆಂದಿದ್ದರೆ ಮೊದಲೇ ಫೋನ್ ಮಾಡಿ 'ಡಾನ್ಸ್ ಫ್ಲೋರ್ ಇದೆಯಾ' ಅಂತ ಕೇಳಿ.

ಹೌಸ್, ಟೆಕ್ನೋ, ಡ್ರಮ್ ಅಂಡ್ ಬೇಸ್… ಎಲ್ಲಾ 'ಧಬ್ ಧಬ್' ಅಂತಲೇ ಕೇಳಿಸುತ್ತೆ. ಯಾವುದಕ್ಕೆ ಟಿಕೆಟ್ ತಗೊಳ್ಳಿ?

ವೇಗ ಎಣಿಸಿ. ಹದಿನೈದು ಸೆಕೆಂಡಿನಲ್ಲಿ ಎಷ್ಟು ಬಡಿತ ಬಿತ್ತೋ ಅದಕ್ಕೆ ನಾಲ್ಕರಿಂದ ಗುಣಿಸಿ. 120ರಿಂದ 128 ಬಂದರೆ ಹೌಸ್, ಅದರಾಚೆ 145ರವರೆಗೆ ಟೆಕ್ನೋ, 138ರಿಂದ 148ರಲ್ಲಿ ಓಡುವ ಗುಳುಗುಳು ಬೇಸ್ ಇದ್ದರೆ ಸೈಟ್ರಾನ್ಸ್, 174ರ ಆಸುಪಾಸಿನಲ್ಲಿ ಬಡಿತ ಮುರಿದು ಮುರಿದು ಬಂದರೆ ಡ್ರಮ್ ಅಂಡ್ ಬೇಸ್. ಹೌಸ್ ಹುಟ್ಟಿದ್ದು ಶಿಕಾಗೊದಲ್ಲಿ. 1977ರಲ್ಲಿ ಶುರುವಾದ ವೇರ್‌ಹೌಸ್ ಎಂಬ ಕ್ಲಬ್ಬಿನಿಂದ ಆ ಹೆಸರು, ಅಲ್ಲಿ ನುಡಿಸುತ್ತಿದ್ದವರು ಫ್ರ್ಯಾಂಕಿ ನಕಲ್ಸ್. ಟೆಕ್ನೋ 1980ರ ದಶಕದ ಡೆಟ್ರಾಯಿಟ್‌ನದು. ಕಪ್ಪು ಜನರ ಸಂಗೀತ ಎರಡೂ. ಹೌಸ್‌ನಲ್ಲಿ ದನಿ, ಪಿಯಾನೊ, ಬಡಿತಗಳ ನಡುವೆ 'ತ್ಸ್' ಎನ್ನುವ ತಾಳ ಕೇಳುತ್ತದೆ. ಟೆಕ್ನೋದಲ್ಲಿ ಹಾಡು ಕಡಿಮೆ, ಯಂತ್ರದ ಲಯ ಹೆಚ್ಚು.

ಮೊದಲ ಸಲಕ್ಕೆ ಹೌಸ್ ಒಳ್ಳೆಯದು. ಪೋಸ್ಟರಿನಲ್ಲಿ 'ಕಮರ್ಷಿಯಲ್', 'ಬಾಲಿವುಡ್' ಎಂದಿದ್ದರೆ ಅದು ಬೇರೆ ರಾತ್ರಿ. ಒಂದೇ ಕ್ಲಬ್ ಬುಧವಾರ ಅದನ್ನೂ ಶುಕ್ರವಾರ ಟೆಕ್ನೋವನ್ನೂ ನಡೆಸುತ್ತದೆ, ಆದ್ದರಿಂದ ಕ್ಲಬ್ಬಿನ ಹೆಸರಿಗಿಂತ ದಿನದ ಪೋಸ್ಟರ್ ಮುಖ್ಯ.

ಡಿಜೆಗೆ ಒಂದು ಕನ್ನಡ ಹಾಡು ಹಾಕಿ ಅಂತ ಕೇಳ್ಬಹುದಾ?

ಕಮರ್ಷಿಯಲ್ ರಾತ್ರಿಯಲ್ಲಿ ಕೇಳಿ, ಹಾಕಲಿಲ್ಲ ಅಂದರೆ ಇನ್ನೊಮ್ಮೆ ಕೇಳಿ, ಬೆಂಗಳೂರಿನಲ್ಲಿ ಕೇಳದೆ ಇನ್ನೆಲ್ಲಿ ಕೇಳುವುದು? ಆದರೆ ಹೌಸ್, ಟೆಕ್ನೋ ರಾತ್ರಿಯಲ್ಲಿ ಯಾವ ಭಾಷೆಯ ಹಾಡನ್ನೂ ಕೇಳಬಾರದು. ಅಲ್ಲಿ ಡಿಜೆ ಎರಡು ಗಂಟೆಯ ಒಂದೇ ಹರಿವನ್ನು ಕಟ್ಟುತ್ತಿರುತ್ತಾರೆ, ಒಂದರ ವೇಗ, ಶ್ರುತಿ ಮುಂದಿನದಕ್ಕೆ ಹೊಂದಬೇಕು. ಮೊಬೈಲಿನಲ್ಲಿ ಹಾಡು ಟೈಪ್ ಮಾಡಿ ಬೂತಿನ ಮುಂದೆ ಹಿಡಿಯುವುದನ್ನಂತೂ ಯಾರೂ ಕ್ಷಮಿಸುವುದಿಲ್ಲ.

ನನಗ ಕುಣಿಯಾಕ ಬರಂಗಿಲ್ರಿ. ಸುಮ್ನ ನಿಂತ್ರ ನಡೀತೈತೇನ್ರಿ?

ನಡೀತೈತ್ರಿ. ಯಾರೂ ನೋಡುವುದಿಲ್ಲ, ಎಲ್ಲರ ಮುಖ ಡಿಜೆ ಕಡೆಗೆ. ಸಂಗೀತದ ಬಡಿತಕ್ಕೆ ಮೊಣಕಾಲು ಸಡಿಲ ಬಿಟ್ಟು ಭಾರವನ್ನು ಒಂದು ಕಾಲಿಂದ ಇನ್ನೊಂದಕ್ಕೆ ಬದಲಿಸಿದರೆ ಸಾಕು. ಕೇಳುವುದಕ್ಕೆ ಒಂದು ಸುಳುಹು: ಈ ಸಂಗೀತ 32 ಬಾರ್‌ಗಳ ಕಟ್ಟಿನಲ್ಲಿ ಬದಲಾಗುತ್ತದೆ (ಸಂಗೀತದಲ್ಲಿ ಬಾರ್ ಅಂದರೆ ಇಲ್ಲಿ ನಾಲ್ಕು ಬಡಿತದ ಒಂದು ಸುತ್ತು). 125ರ ವೇಗದಲ್ಲಿ ಅದು ಸರಿಸುಮಾರು ಒಂದು ನಿಮಿಷ. ನಿಮಿಷಕ್ಕೊಮ್ಮೆ ಏನೋ ಒಂದು ಬರುತ್ತದೆ ಅಥವಾ ಹೋಗುತ್ತದೆ, ಬೇಸ್ ಮಾಯವಾಗಿ ಮತ್ತೆ ಬೀಳುತ್ತದೆ. ಅದು ಯಾವಾಗ ಬೀಳುತ್ತದೆ ಅಂತ ಮೈಗೆ ಗೊತ್ತಾಗತೊಡಗಿದ ಮೇಲೆ ಕುಣಿತ ಕಲಿಸುವುದು ಬೇಕಾಗುವುದಿಲ್ಲ.

ಎಲ್ಲಿ ನಿಂತ್ರೆ ಸೌಂಡ್ ಚೆನ್ನಾಗಿರುತ್ತೆ? ಮುಂದೆ ಹೋದ್ರೆ ಎದೆ ಒಡೆಯುತ್ತೆ, ಹಿಂದೆ ಬಂದ್ರೆ ಗುಂಯ್ ಅನ್ನುತ್ತೆ.

ಎರಡು ಕಡೆಯ ಸ್ಪೀಕರ್‌ಗಳಿಗೂ ನಿಮಗೂ ಸಮ ಅಂತರ ಇರುವ ನಡುಗೆರೆಯಲ್ಲಿ, ಬೂತಿನಿಂದ ಐದಾರು ಮೀಟರ್ ಹಿಂದೆ ನಿಲ್ಲಿ. ಸಾಮಾನ್ಯವಾಗಿ ಅದು ಗಿಜಿಗುಡುವ ಗುಂಪಿನ ಬೆನ್ನಿಗೇ ಇರುವ ಜಾಗ, ಕೈಕಾಲು ಆಡಿಸಲೂ ಅನುಕೂಲ. ಗೋಡೆ, ಮೂಲೆ ಬೇಡ. 50 ಹರ್ಟ್ಸ್‌ನ ಬೇಸ್ ಅಲೆಯ ಉದ್ದ ಸುಮಾರು 7 ಮೀಟರ್. ಸಣ್ಣ ಕೋಣೆಯಲ್ಲಿ ಅದು ಗೋಡೆಗೆ ಬಡಿದು ಹಿಂದಿರುಗಿ, ಮೂಲೆಗಳಲ್ಲಿ ಕೂಡಿಕೊಂಡು ಗುಂಯ್‌ಗುಡುತ್ತದೆ, ಇನ್ನು ಕೆಲವು ಕಡೆ ಒಂದನ್ನೊಂದು ಕಳೆದು ಬೇಸ್ ಇಲ್ಲದಂತೆ ಆಗುತ್ತದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಬೇರೆ ಸಿಸ್ಟಮ್ಮೇ ಅನ್ನಿಸಿಬಿಡುತ್ತದೆ.

ಮನೆಗೆ ಬಂದ ಮೇಲೂ ಕಿವಿ 'ಕುಂಯ್' ಅಂತಿತ್ತು. ಭಯಪಡಬೇಕಾ?

ಒಂದು ದಿನದೊಳಗೆ ನಿಂತರೆ ಇದೊಂದು ಸಲ ಪಾರಾದಿರಿ. ನಿಲ್ಲದಿದ್ದರೆ ಅಥವಾ ಒಂದು ಕಿವಿ ಮಂದವಾಗಿದ್ದರೆ ತಡಮಾಡದೆ ಇಎನ್‌ಟಿ ವೈದ್ಯರ ಹತ್ತಿರ ಹೋಗಿ. ಕಿವಿಯ ಒಳಗಿನ ರೋಮಕೋಶ ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

85 ಡೆಸಿಬಲ್‌ನಲ್ಲಿ ಎಂಟು ಗಂಟೆ ಇರಬಹುದು, ಪ್ರತಿ 3 ಡೆಸಿಬಲ್ ಏರಿದಾಗಲೂ ಹೊತ್ತು ಅರ್ಧವಾಗುತ್ತದೆ. ಈ ಲೆಕ್ಕದಲ್ಲಿ 100 ಡೆಸಿಬಲ್‌ಗೆ ಸಿಗುವುದು 15 ನಿಮಿಷ, ಕ್ಲಬ್ಬಿನ ನಡುನೆಲದಲ್ಲಿ ಅಷ್ಟು ಶಬ್ದ ಮಾಮೂಲು. ಔಷಧಿ ಅಂಗಡಿಯ ಸ್ಪಂಜಿನ ಇಯರ್‌ಪ್ಲಗ್ ಕಿವಿ ಕಾಯುತ್ತದೆ, ಆದರೆ ಮೇಲಿನ ಸ್ವರಗಳನ್ನೆಲ್ಲ ನುಂಗಿ ಕಂಬಳಿ ಹೊದ್ದು ಕೇಳಿದಂತೆ ಮಾಡುತ್ತದೆ. ಸಂಗೀತಗಾರರಿಗೆಂದೇ ಮಾಡಿದ ಫಿಲ್ಟರ್ ಇರುವ ಪ್ಲಗ್ ಎಲ್ಲ ಸ್ವರಗಳನ್ನೂ ಸಮವಾಗಿ 15-20 ಡೆಸಿಬಲ್ ಇಳಿಸುತ್ತದೆ. ಹೊರಗೆ ಇದ್ದಾಗಲೇ ಹಾಕಿಕೊಳ್ಳಿ, ಒಳಗೆ ಹೋದ ಮೇಲೆ ಕಿವಿ ಒಗ್ಗಿಕೊಂಡು 'ಬೇಕಿಲ್ಲ' ಅನ್ನುತ್ತದೆ.

ನಾವು ಇಬ್ಬರೇ ಹುಡುಗಿಯರು. ಹೋಗಬಹುದಾ?

ಹೋಗುತ್ತಾರೆ, ಎಷ್ಟೋ ಜನ. ಟಿಕೆಟ್ ಇಟ್ಟ ಸಂಗೀತದ ರಾತ್ರಿಗಳು ಉಚಿತ ಗುಂಡಿನ ಲೇಡೀಸ್ ನೈಟ್‌ಗಿಂತ ನೆಮ್ಮದಿ. ಲೇಡೀಸ್ ನೈಟ್‌ನಲ್ಲಿ ಉಚಿತ ಗುಂಡು ನಿಮಗಲ್ಲ, ನಿಮ್ಮನ್ನು ನೋಡಲು ಬರುವವರ ಜೇಬಿಗೆ ಹಾಕಿದ ಗಾಳ. ಗ್ಲಾಸು ಕೈಬಿಡಬೇಡಿ, ಟೇಬಲ್ ಮೇಲೆ ಬಿಟ್ಟು ಹೋದದ್ದನ್ನು ಮತ್ತೆ ಮುಟ್ಟಬೇಡಿ. ಯಾರಾದರೂ ಬೆನ್ನು ಹತ್ತಿದರೆ ಸಂಕೇತದ ಮಾತು ಹುಡುಕಬೇಡಿ, ಬಾರ್ ಕೌಂಟರಿಗೆ ಹೋಗಿ 'ಆ ಅಂಗಿಯವನು ಕಾಟ ಕೊಡ್ತಿದ್ದಾನೆ' ಅಂತ ನೇರವಾಗಿ ಹೇಳಿ. ಮಹಿಳಾ ಬೌನ್ಸರ್ ಎಲ್ಲಿ ನಿಂತಿದ್ದಾರೆ ಅಂತ ಒಳಗೆ ಬಂದ ಕೂಡಲೇ ನೋಡಿಟ್ಟುಕೊಳ್ಳಿ. ಪೊಲೀಸರಿಗೆ 112.

ಯಾರೋ ಮಾತ್ರೆ ಕೊಡ್ತಾರೆ. ಒಂದು ಸಲಕ್ಕೆ ಏನಾಗುತ್ತೆ?

ಅದು ಡ್ರಗ್ಸ್ ಆಗಿದ್ದರೆ ಸೇವಿಸಿದ್ದಕ್ಕೇ ಮಾದಕವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯಡಿ ಜೈಲಿದೆ, ಸ್ವಲ್ಪವೇ ಅನ್ನುವುದು ರಕ್ಷಣೆಯಲ್ಲ. ದಾಳಿಯಾದರೆ ಸ್ಥಳದಲ್ಲಿದ್ದವರ ರಕ್ತ, ಮೂತ್ರದ ಮಾದರಿ ತೆಗೆಯುತ್ತಾರೆ. ಮಾತ್ರೆಯಲ್ಲಿ ಏನಿದೆ ಎಂಬುದು ಕೊಟ್ಟವನಿಗೂ ಗೊತ್ತಿರುವುದಿಲ್ಲ. ಜೊತೆಯವರು ಮೈ ಕೆಂಡವಾಗಿ, ಮಾತು ತೊದಲಿ, ಎಚ್ಚರ ತಪ್ಪಿದರೆ ಕೇಸಿನ ಭಯಕ್ಕೆ ಕಾಯಬೇಡಿ: 108ಕ್ಕೆ ಕರೆ ಮಾಡಿ, ಒಂದು ಮಗ್ಗುಲಿಗೆ ಮಲಗಿಸಿ, ವೈದ್ಯರಿಗೆ ಏನು ತೆಗೆದುಕೊಂಡರೆಂದು ಇದ್ದಂತೆ ಹೇಳಿ.

## ಹೊರಗೆ ಬಂದ ಮೇಲೆ

ಎರಡೇ ಪೆಗ್ ಹಾಕಿದ್ದು, ಸ್ಟೆಡಿ ಇದೀನಿ. ಗಾಡಿ ಓಡಿಸ್ಬಹುದಾ?

ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. 65 ಕೆ.ಜಿ. ತೂಕದ ಗಂಡಸಿಗೆ ಒಂದೇ ಲಾರ್ಜ್ ಬೇಗ ಹೊಡೆದರೆ 45ರ ಹತ್ತಿರ ಹೋಗುತ್ತದೆ. 55 ಕೆ.ಜಿ.ಯ ಹೆಂಗಸಿಗೆ 60 ದಾಟಬಹುದು. ಎರಡು ಲಾರ್ಜ್ ಬೇಗ ಹೊಡೆದರೆ ಮಿತಿಯ ಮೂರು, ನಾಲ್ಕು ಪಟ್ಟು, ಸ್ಟೆಡಿ ಇದ್ದರೂ ಯಂತ್ರಕ್ಕೆ ಅದು ಗೊತ್ತಿಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ ಮೊದಲ ಸಲ 10,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು ಅಥವಾ ಎರಡೂ, ಮರುಸಲ 15,000 ದಂಡ ಅಥವಾ 2 ವರ್ಷದವರೆಗೆ ಜೈಲು ಅಥವಾ ಎರಡೂ. ಗಾಡಿ ಠಾಣೆಯಲ್ಲಿ, ನೀವು ಕೋರ್ಟಿನಲ್ಲಿ.

ಮರುದಿನದ ಲೆಕ್ಕ ಯಾರೂ ಹಾಕುವುದಿಲ್ಲ. ರಾತ್ರಿಯ ಕೊನೆಗೆ ಎರಡು ಲಾಂಗ್ ಐಲ್ಯಾಂಡ್ ಇಳಿಸಿದವರ ರಕ್ತ ತಿಳಿಯಾಗಲು ಆರೇಳು ಗಂಟೆ ಬೇಕು. ಬೆಳಿಗ್ಗೆ 6ಕ್ಕೆ ಏರ್‌ಪೋರ್ಟಿಗೆ ಕಾರು ಓಡಿಸುವ ಯೋಜನೆ ಇದ್ದರೆ ಈಗಲೇ ಕ್ಯಾಬ್ ಬುಕ್ ಮಾಡಿ. ಕಾಫಿ, ಮಜ್ಜಿಗೆ, ತಣ್ಣೀರ ಸ್ನಾನ ಯಾವುದೂ ಇದನ್ನು ಬೇಗ ಇಳಿಸುವುದಿಲ್ಲ.

1 ಗಂಟೆಗೆ ಎಲ್ರೂ ಒಟ್ಟಿಗೆ ಹೊರಗೆ ಬರ್ತಾರೆ. ಆಟೋ ಸಿಗುತ್ತಾ?

ಸಿಗುತ್ತದೆ, ಹೇಳಿದ ರೇಟಿಗೆ. ಮೀಟರ್ ಪ್ರಕಾರ ಮೊದಲ 2 ಕಿ.ಮೀ.ಗೆ 36, ಆಮೇಲೆ ಕಿ.ಮೀ.ಗೆ 18 ರೂಪಾಯಿ, ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಒಂದೂವರೆ ಪಟ್ಟು. ಅಂದರೆ 8 ಕಿ.ಮೀ.ಗೆ ನ್ಯಾಯವಾಗಿ 216. ಕ್ಲಬ್ಬಿನ ಎದುರು ನಿಂತ ಆಟೋದವರು 500 ಅನ್ನುತ್ತಾರೆ. ಮೆಟ್ರೊ ಆ ಹೊತ್ತಿಗೆ ಇರುವುದಿಲ್ಲ. 12.40ಕ್ಕೇ ಹೊರಬಿದ್ದರೆ ಕೊನೆಯ ಹಾಡು ತಪ್ಪುತ್ತದೆ, 300 ರೂಪಾಯಿ ಉಳಿಯುತ್ತದೆ. ಕೊನೆಯ ಹಾಡೂ ಬೇಕೆಂದರೆ ಮುಖ್ಯರಸ್ತೆಗೆ ಮುನ್ನೂರು ಮೀಟರ್ ನಡೆದು, ಅಲ್ಲಿ ನಿಂತು ನಮ್ಮ ಯಾತ್ರಿಯಲ್ಲೋ ಊಬರಿನಲ್ಲೋ ಹಾಕಿ. ಕ್ಲಬ್ಬಿನ ಗಲ್ಲಿಯೊಳಗೆ ಬರಲು ಚಾಲಕರು ಹಿಂಜರಿದು ರದ್ದು ಮಾಡುತ್ತಾರೆ.

ಕಾರ್ಡ್ ಬಾರಲ್ಲೇ ಬಿಟ್ಟು ಬಂದೆ. ಈಗ ರಾತ್ರಿ 2 ಗಂಟೆ. ಏನ್ ಮಾಡ್ಲಿ?

ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡನ್ನು ತಾತ್ಕಾಲಿಕವಾಗಿ ಲಾಕ್ ಮಾಡಿ, ರದ್ದು ಮಾಡಿಸಲು ಆತುರ ಬೇಡ. ಬಿಲ್ಲಿನ ಫೋಟೊ ಇದ್ದರೆ ತೆಗೆದಿಡಿ: ಟೇಬಲ್ ನಂಬರ್, ಬಿಲ್ ಹೊತ್ತು ಇದ್ದರೆ ಅವರಿಗೆ ಹುಡುಕುವುದು ಸುಲಭ. ಮರುದಿನ ಬೆಳಿಗ್ಗೆ ಫೋನ್ ಮಾಡಿದರೆ ಎತ್ತುವವರು ಇರುವುದಿಲ್ಲ. ಹಣ್ಣು ಹಿಂಡಲು, ಐಸ್ ಕತ್ತರಿಸಲು ಬಾರ್ ಹುಡುಗರು ಬರುವುದು ಮಧ್ಯಾಹ್ನ 3-4ರ ಸುಮಾರಿಗೆ. ಆಗ ಮಾಡಿ, ಕ್ಯಾಶ್ ಕೌಂಟರಿನ ಡ್ರಾಯರಿನಲ್ಲಿ ನೋಡಿ ಅಂತ ಕೇಳಿ. ತರಲು ಹೋಗುವಾಗ ಕಾರ್ಡಿನಲ್ಲಿರುವ ಹೆಸರಿನದೇ ಗುರುತಿನ ಚೀಟಿ ಇರಲಿ.